ಸವೆದ ಚೆಕ್ಕರಿಂಗ್‌ಗೆ ಮತ್ತೆ ಮೊನೆ: ಪಿಸ್ತೂಲಿನ ಮರದ ಹಿಡಿ ಕೆಡದಂತೆ ಗೀರು ಎಬ್ಬಿಸುವ ಕ್ರಮ

ಚೆಕ್ಕರಿಂಗ್ ಎಂದರೆ ಕೈ ಜಾರದಂತೆ ಹಿಡಿಯ ಮೇಲೆ ಎರಡು ದಿಕ್ಕಿಗೆ ಅಡ್ಡಡ್ಡ ಕೊರೆದ ಗೀರುಗಳ ಜಾಲ; ಗೀರುಗಳ ನಡುವೆ ಉಳಿಯುವ ಚೂಪು ಉಬ್ಬುಗಳೇ ಮೊನೆ. ಪಿಸ್ತೂಲಿನ ಹಿಡಿಯ ಮೇಲೆ ಸವೆದುಹೋದ ಚೆಕ್ಕರಿಂಗ್ ಸರಿಮಾಡಲು ಕೂತವರಲ್ಲಿ ಬಹಳ ಮಂದಿ ಒಂದೇ ಕಡೆ ಎಡವುತ್ತಾರೆ. ಕೊಳೆ ತೆಗೆಯುವ ಮೊದಲೇ ಕಟ್ಟರ್ (ಗೀರು ಕೊರೆಯುವ ಹಲ್ಲಿನ ಉಪಕರಣ) ಕೈಗೆತ್ತಿಕೊಳ್ಳುತ್ತಾರೆ. ಎತ್ತಿಕೊಂಡ ಮೇಲೆ ಮೊದಲ ಗೀರನ್ನೇ ಪೂರ್ತಿ ಆಳಕ್ಕೆ ಇಳಿಸುತ್ತಾರೆ. ಅಲ್ಲಿಗೆ ಗೀರು ಅಂಕುಡೊಂಕಾಗುತ್ತದೆ, ಅಡ್ಡ ಗೀರು ಹಾಕುವಾಗ ಮೊನೆಗಳು ಚಕ್ಕೆ ಏಳುತ್ತವೆ, ಕೊನೆಗೆ ಅಂಚುಗೆರೆ ದಾಟಿ ಕಟ್ಟರ್ ಜಾರುತ್ತದೆ. ಕೈ ನಡುಗಿತೆಂದು ಬೇಸರಪಡುವವರೇ ಹೆಚ್ಚು. ಆದರೆ ಕೈಗಿಂತ ಕ್ರಮ ತಪ್ಪಿದ್ದಕ್ಕೇ ಕೆಲಸ ಕೆಟ್ಟಿರುತ್ತದೆ.

ಇಲ್ಲಿ ಹೇಳಿರುವುದು ಫ್ರೇಮಿನಿಂದ (ಪಿಸ್ತೂಲಿನ ಲೋಹದ ಚೌಕಟ್ಟು) ಬಿಚ್ಚಿ ತೆಗೆಯಬಹುದಾದ ಮರದ ಗ್ರಿಪ್ ಪ್ಯಾನೆಲ್‌ಗಳ ಕೆಲಸ. ಲೋಹದ ಫ್ರೇಮಿನ ಮೇಲೆಯೇ ಕೊರೆದಿರುವ ಚೆಕ್ಕರಿಂಗ್ ಬೇರೆ ಲೆಕ್ಕ. ಅದರ ಮಾತು ಕೊನೆಯಲ್ಲಿದೆ.

## ಕೈಹಾಕುವ ಮೊದಲು: ಇದು ಮತ್ತೆ ಕೆತ್ತಬಹುದಾದ ಹಿಡಿಯೇ?

ಎಲ್ಲ ಪ್ಯಾನೆಲ್‌ಗಳನ್ನೂ ಕೆತ್ತಬಾರದು. ನಾಲ್ಕು ವಿಷಯ ನೋಡಿ.

ವಸ್ತು. ವಾಲ್‌ನಟ್‌ನಂಥ ಗಟ್ಟಿ, ಸಣ್ಣ ನಾರಿನ ಮರ ಚೆನ್ನಾಗಿ ಕೂರುತ್ತದೆ. ಬೇಕಲೈಟ್, ಪ್ಲಾಸ್ಟಿಕ್, ಹಳೆಯ ಗಟ್ಟಿ ರಬ್ಬರಿನ ಹಿಡಿಗಳನ್ನು ಕೆತ್ತಬೇಡಿ. ಅಚ್ಚಿನಲ್ಲಿ ಎರಕವಾದ ಮೊನೆ ಕಟ್ಟರ್ ತಾಗಿದರೆ ಒಡೆಯುತ್ತದೆ, ಮೇಲ್ಮೈ ಬಣ್ಣವೂ ಬದಲಾಗುತ್ತದೆ.

ಗೀರಿನ ಬಗೆ. ಕೆತ್ತಿದ ಚೆಕ್ಕರಿಂಗ್‌ನಲ್ಲಿ ಗೀರು ತಗ್ಗು, ಮೊನೆ ಉಬ್ಬು. ಬಿಸಿ ಅಚ್ಚಿನಲ್ಲಿ ಒತ್ತಿದ ಅಗ್ಗದ ಕೆಲಸದಲ್ಲಿ ಇದು ತಿರುವುಮುರುವಾಗಿ, ಗೆರೆ ಉಬ್ಬಿ ಚೌಕಗಳು ಗುಳಿಬಿದ್ದಿರುವುದುಂಟು. ಅಂಥದ್ದರಲ್ಲಿ ಕಟ್ಟರ್‌ಗೆ ದಾರಿಯಾಗಲು ಗೀರೇ ಇಲ್ಲ. ಅದನ್ನು ಸರಿಮಾಡುವುದೆಂದರೆ ಹೊಸದಾಗಿ ಗೆರೆ ಹಾಕಿ ಕೆತ್ತಿದಂತೆಯೇ.

ಮೂಲ ರೂಪ. ಕೆಲವು ಹಿಡಿಗಳಲ್ಲಿ ಮೊನೆಯ ತಲೆಯನ್ನು ಬೇಕೆಂದೇ ಚಪ್ಪಟೆ ಬಿಟ್ಟಿರುತ್ತಾರೆ. ಅಂಗೈ ತಾಗದ ಮೂಲೆಯಲ್ಲಿ, ಸಾಮಾನ್ಯವಾಗಿ ಸ್ಕ್ರೂ ಸುತ್ತ ಅಥವಾ ಕೆಳತುದಿಯಲ್ಲಿ, ಭೂತಗನ್ನಡಿ ಇಟ್ಟು ನೋಡಿ. ಅಲ್ಲೂ ಚಪ್ಪಟೆಯಿದ್ದರೆ ಅದು ಸವೆತವಲ್ಲ.

ಹಳಮೆಯ ಬೆಲೆ. ಸಂಗ್ರಹಕಾರರು ಹುಡುಕುವಂಥ ಹಳೆಯ ಪಿಸ್ತೂಲಾದರೆ ಮೂಲ ಹಿಡಿಯನ್ನು ಮುಟ್ಟಬೇಡಿ. ಅನೇಕ ಲೂಗರ್ ಪಿಸ್ತೂಲುಗಳ ಪ್ಯಾನೆಲ್ ಒಳಮೈಯಲ್ಲಿ ಆಯುಧದ ಸಂಖ್ಯೆಯ ಕೊನೆಯ ಅಂಕಿಗಳು ಇರುತ್ತವೆ. ಇಂಥ ಜೋಡಿಯನ್ನು ಶುಚಿಮಾಡಿ ತೆಗೆದಿಟ್ಟು, ಬಳಕೆಗೆ ಬೇರೆ ಜೋಡಿ ಹಾಕುವುದೇ ಸರಿ. ಒಮ್ಮೆ ಕೆತ್ತಿದ್ದನ್ನು ಹಿಂದಕ್ಕೆ ತರಲಾಗದು.

## ಬೇಕಾಗುವ ಸಾಮಾನು

- ಒಂಟಿ ಸಾಲಿನ ಚೆಕ್ಕರಿಂಗ್ ಕಟ್ಟರ್ ಎರಡು: ಕೊರೆಯುವ V ಆಕಾರದ ಗೀರಿನ ಕೋನ 60 ಡಿಗ್ರಿಯದು ಒಂದು, 90 ಡಿಗ್ರಿಯದು ಒಂದು
- ಗೀರನ್ನು ನೆಟ್ಟಗೆ ಮಾಡಲು ಉದ್ದ ಅಲಗಿನ ಕಟ್ಟರ್ ಒಂದು
- ಅಂಚಿನ ಹತ್ತಿರದ ಕೆಲಸಕ್ಕೆ ಗಿಡ್ಡ ಅಲಗಿನ ಕಟ್ಟರ್, ಇಲ್ಲವೇ ತುದಿ ಬಾಗಿದ ಸಣ್ಣ ಮುಮ್ಮೂಲೆ ಅರ
- ಹರಿತವಾದ ಸಣ್ಣ ಚಾಕು
- ನೈಲಾನ್ ಹಲ್ಲುಜ್ಜುವ ಬ್ರಷ್ ಮೂರು (ಕೊಳೆಗೆ, ಹುಡಿಗೆ, ಎಣ್ಣೆಗೆ ಒಂದೊಂದು)
- ಮಿನರಲ್ ಸ್ಪಿರಿಟ್ ಅಥವಾ ಟರ್ಪೆಂಟೈನ್. ವಾರ್ನಿಷ್ ದಪ್ಪವಾಗಿ ಕೂತಿದ್ದರೆ ಪೇಂಟ್ ರಿಮೂವರ್
- ಬಾಗುವ ತೆಳು ಪ್ಲಾಸ್ಟಿಕ್ ಪಟ್ಟಿ, ಮಿಲಿಮೀಟರ್ ಅಳತೆಯ ಉಕ್ಕಿನ ಸ್ಕೇಲ್
- ಬಿಳಿ ಪೆನ್ಸಿಲ್, ತಲೆಗೆ ಕಟ್ಟುವ ಭೂತಗನ್ನಡಿ, ಕೊರಳು ಬಾಗುವ ಒಂದು ದೀಪ
- ಹುಡಿಗೆ ಮುಖಗವಸು. ರೋಸ್‌ವುಡ್ ಜಾತಿಯ ಮರದ ಹುಡಿ ಕೆಲವರಿಗೆ ಚರ್ಮ ಕೆರಳಿಸುತ್ತದೆ, ಉಸಿರಿಗೂ ತೊಂದರೆ ಕೊಡುತ್ತದೆ

ಎರಡು ಸಾಲಿನ ಕಟ್ಟರ್ ಹೊಸ ಗೆರೆಗಳನ್ನು ಸಮ ಅಂತರದಲ್ಲಿ ಹಾಕಲು ಇರುವ ಉಪಕರಣ. ಈ ಕೆಲಸಕ್ಕೆ ಅದು ಬೇಡ. ಹಳೆಯ ಗೀರುಗಳ ಅಂತರ ಅದರ ಅಂತರಕ್ಕೆ ಕೂದಲೆಳೆಯಷ್ಟು ಹೊಂದದಿದ್ದರೂ ಹತ್ತನೇ ಸಾಲಿನ ಹೊತ್ತಿಗೆ ಅದು ಹಳೆ ಗೀರಿನ ಪಕ್ಕದಲ್ಲೇ ಹೊಸ ಗೀರು ಕೊರೆದಿರುತ್ತದೆ. ವಿದ್ಯುತ್ತಿನಿಂದ ತಿರುಗುವ ಸಣ್ಣ ಕೊರೆಯುವ ಯಂತ್ರವನ್ನೂ ದೂರವಿಡಿ.

## ಹಂತ 1: ಪ್ಯಾನೆಲ್ ಬಿಚ್ಚುವುದು

ಮೊದಲು ಮ್ಯಾಗಜಿನ್ (ಗುಂಡು ತುಂಬುವ ಪೆಟ್ಟಿಗೆ) ತೆಗೆಯಿರಿ. ಸ್ಲೈಡ್ ಹಿಂದಕ್ಕೆಳೆದು ತಡೆದು, ಚೇಂಬರ್ (ನಳಿಗೆಯ ಹಿಂತುದಿಯಲ್ಲಿ ಗುಂಡು ಕೂರುವ ಗೂಡು) ಖಾಲಿಯಿದೆಯೇ ಎಂದು ಕಣ್ಣಿನಿಂದ ನೋಡಿ, ಬೆರಳಿನಿಂದಲೂ ಮುಟ್ಟಿ ನೋಡಿ. ನೀವು ಕೆಲಸ ಮಾಡುವ ಕೋಣೆಯಲ್ಲೇ ಮದ್ದುಗುಂಡು ಇರಬಾರದು.

ಸ್ಕ್ರೂವಿನ ಸೀಳಿಗೆ ಸರಿಯಾಗಿ ತುಂಬಿ ಕೂರುವ ಸ್ಕ್ರೂಡ್ರೈವರ್ ಬಳಸಿ. ತುದಿ ಸಡಿಲವಾಗಿದ್ದರೆ ಅದು ಜಾರಿ ನೇರವಾಗಿ ಚೆಕ್ಕರಿಂಗ್ ಮೇಲೆಯೇ ಗೀಚುತ್ತದೆ. ಪ್ಯಾನೆಲ್ ಅಂಟಿಕೊಂಡಿದ್ದರೆ ಹೊರಗಿನಿಂದ ಮೀಟಬೇಡಿ, ಮ್ಯಾಗಜಿನ್ ಹೋಗುವ ಬಾಯಿಯ ಕಡೆಯಿಂದ ಬೆರಳಿನಲ್ಲಿ ಮೆಲ್ಲಗೆ ತಳ್ಳಿ.

ಪ್ಯಾನೆಲ್‌ನ ಕೆಳಗೆ ಏನಿದೆ ಎಂದು ಮೊದಲೇ ತಿಳಿದಿರಬೇಕು. ಬೆರೆಟ್ಟಾ 92 ಮಾದರಿಯ ಪಿಸ್ತೂಲಿನಲ್ಲಿ ಟ್ರಿಗರ್ ಬಾರ್‌ನ ಸ್ಪ್ರಿಂಗನ್ನು ಬಲಗಡೆಯ ಪ್ಯಾನೆಲ್ಲೇ ಹಿಡಿದಿಟ್ಟಿರುತ್ತದೆ. ಬಿಚ್ಚಿದೊಡನೆ ಅದು ಕಳಚಿ ಬೀಳಬಹುದು. 1911 ಮಾದರಿಯ ಪಿಸ್ತೂಲಿನಲ್ಲಿ ಸ್ಕ್ರೂ ಜೊತೆ ಅದರ ಬುಶಿಂಗ್ (ಸ್ಕ್ರೂ ಕೂರಲು ಫ್ರೇಮಿಗೆ ಹಾಕಿದ ಸಣ್ಣ ಕೊಳವೆ) ಕೂಡ ತಿರುಗಿ ಬರುವುದುಂಟು. ಬಂದರೆ ಅದನ್ನು ಫ್ರೇಮಿಗೆ ಮತ್ತೆ ಗಟ್ಟಿಯಾಗಿ ಕೂರಿಸದೆ ಹಿಡಿ ಹಾಕಬಾರದು. ಲೂಗರ್‌ನ ಎಡಗಡೆಯ ಪ್ಯಾನೆಲ್ ಸೇಫ್ಟಿ ಲಿವರ್ ಬಳಿಯ ಮೂಲೆಯಲ್ಲಿ ಸುಲಭವಾಗಿ ಚಕ್ಕೆ ಏಳುತ್ತದೆ.

## ಹಂತ 2: ಕೊಳೆ ತೆಗೆಯುವುದು

ಬೆವರು, ಎಣ್ಣೆ, ಧೂಳು, ಹಳೆಯ ವಾರ್ನಿಷ್ ಎಲ್ಲ ಸೇರಿ ಗೀರಿನ ತಳದಲ್ಲಿ ಮೇಣದಂತೆ ಕೂತಿರುತ್ತವೆ. ಸವೆದಿದೆ ಎಂದುಕೊಂಡ ಹಿಡಿ ಎಷ್ಟೋ ಸಲ ಬರೀ ತುಂಬಿಕೊಂಡಿರುತ್ತದೆ.

ಬ್ರಷ್ಷನ್ನು ಮಿನರಲ್ ಸ್ಪಿರಿಟ್‌ನಲ್ಲಿ ಅದ್ದಿ, ಒಂದು ದಿಕ್ಕಿನ ಗೀರುಗಳ ಉದ್ದಕ್ಕೆ ಉಜ್ಜಿ, ಆಮೇಲೆ ಇನ್ನೊಂದು ದಿಕ್ಕಿಗೆ ಉಜ್ಜಿ. ಸುತ್ತು ಸುತ್ತಾಗಿ ಉಜ್ಜಿದರೆ ಕೊಳೆ ಗೀರಿನಿಂದ ಗೀರಿಗೆ ಹೋಗುತ್ತದೆಯೇ ಹೊರತು ಹೊರಗೆ ಬರುವುದಿಲ್ಲ. ಪ್ರತಿ ಸುತ್ತಿಗೂ ಬಟ್ಟೆಯಿಂದ ಒತ್ತಿ ಹೀರಿಸಿ. ಬಟ್ಟೆಗೆ ಕಂದು ಬಣ್ಣ ಹತ್ತುವುದು ನಿಲ್ಲುವವರೆಗೆ ಬಿಡಬೇಡಿ. ವಾರ್ನಿಷ್ ಇದ್ದರೆ ರಿಮೂವರ್ ತೆಳುವಾಗಿ ಹಚ್ಚಿ, ಡಬ್ಬಿಯ ಮೇಲೆ ಹೇಳಿದಷ್ಟು ಹೊತ್ತು ಬಿಟ್ಟು, ಅದೇ ರೀತಿ ತೆಗೆಯಿರಿ. ಕೈಗವಸು ಬೇಕು, ಕಿಟಕಿ ತೆರೆದಿರಬೇಕು.

ನೀರು, ಸೋಪು ಬೇಡ. ನಾರು ಉಬ್ಬಿ ಜುಂಗೇಳುತ್ತದೆ. ತಂತಿ ಬ್ರಷ್ಷೂ ಬೇಡ, ಮೆತ್ತಗಾದ ಮೊನೆಗಳನ್ನು ಅದು ಕಿತ್ತು ಹಾಕುತ್ತದೆ. ಮರಳು ಕಾಗದದ ಹತ್ತಿರವಂತೂ ಹೋಗಲೇಬೇಡಿ: ಉಳಿದಿರುವ ಗೀರಿನ ಆಳವೇ ನಿಮ್ಮ ಕಟ್ಟರ್‌ಗೆ ದಾರಿ, ಉಜ್ಜಿದಷ್ಟೂ ಆ ದಾರಿ ಅಳಿಸುತ್ತದೆ.

ಒಂದು ದಿನ ಪೂರ್ತಿ ಒಣಗಲು ಬಿಡಿ. ಒಣಗಿದ ಮೇಲೆ ಮತ್ತೊಮ್ಮೆ ನೋಡಿ. ಮೊನೆಗಳು ಚೆನ್ನಾಗಿ ಕಂಡರೆ ನೇರವಾಗಿ ಹಂತ 8ಕ್ಕೆ ಹೋಗಿ ಎಣ್ಣೆ ಹಚ್ಚಿ ಮುಗಿಸಿಬಿಡಿ.

## ಹಂತ 3: ಅಳತೆ ಮತ್ತು ಕೋನ

ಚೆಕ್ಕರಿಂಗ್‌ನ ಸಣ್ಣತನವನ್ನು ಒಂದು ಇಂಚಿಗೆ ಎಷ್ಟು ಗೀರು ಎಂದು ಲೆಕ್ಕ ಹಾಕುತ್ತಾರೆ. ಸ್ಕೇಲನ್ನು ಗೀರುಗಳಿಗೆ ಲಂಬವಾಗಿ ಇಟ್ಟು 25.4 ಮಿ.ಮೀ. ಒಳಗೆ ಎಷ್ಟು ಗೀರು ಬಂದವೆಂದು ಎಣಿಸಿ. ಜಾಗ ಸಾಲದಿದ್ದರೆ 12.7 ಮಿ.ಮೀ.ಗೆ ಎಣಿಸಿ ಎರಡರಿಂದ ಗುಣಿಸಿ. ಮೊನೆಯ ಉದ್ದದ ದಿಕ್ಕಿಗೆ ಸ್ಕೇಲ್ ಇಟ್ಟರೆ ಎಣಿಕೆ ತಪ್ಪುತ್ತದೆ.

90 ಡಿಗ್ರಿ ಕಟ್ಟರ್‌ನಲ್ಲಿ ಮೊನೆ ಪೂರ್ತಿ ಚೂಪಾಗುವ ಆಳ ಎರಡು ಗೀರುಗಳ ಅಂತರದ ಅರ್ಧ. ಇಂಚಿಗೆ 18 ಗೀರಾದರೆ ಸುಮಾರು 0.7 ಮಿ.ಮೀ., 20 ಆದರೆ 0.63, 24 ಆದರೆ 0.53. ಅದೇ 60 ಡಿಗ್ರಿಯಲ್ಲಾದರೆ 20 ಗೀರಿಗೆ 1.1 ಮಿ.ಮೀ. ಆಳ ಬೇಕು. 60 ಡಿಗ್ರಿಯೊಂದರಲ್ಲೇ ಕೆಲಸ ಮುಗಿಸಲು ಹೋದವರ ಪ್ಯಾನೆಲ್‌ನಲ್ಲಿ ಗೀರು ಆಳವಾಗಿದ್ದರೂ ಮೊನೆ ಚಪ್ಪಟೆಯಾಗೇ ಉಳಿಯುವುದು ಇದರಿಂದಲೇ.

ಹಳೆಯ ಗೀರಿನ ಕೋನ ಗೊತ್ತಿಲ್ಲದಿದ್ದರೆ ಮೂಲೆಯಲ್ಲಿನ ಒಂದು ಗೀರಿನ ಮೇಲೆ ಕಟ್ಟರ್ ಅನ್ನು ಒತ್ತದೆ ಎರಡು ಸಲ ಎಳೆದು, ಭೂತಗನ್ನಡಿಯಲ್ಲಿ ನೋಡಿ. ಹೊಸ ಮರದ ತಿಳಿ ಬಣ್ಣ ತಳದಲ್ಲಿ ಮಾತ್ರ ದಾರದಂತೆ ಕಂಡರೆ ಕಟ್ಟರ್ ಗೀರಿಗಿಂತ ಕಿರಿದು. ಎರಡು ಏಣುಗಳ ಮೇಲೆ ಮಾತ್ರ ಕಂಡು ತಳ ಕಪ್ಪಗೇ ಉಳಿದರೆ ಕಟ್ಟರ್ ಅಗಲ. ಇಳಿಜಾರು ಮೇಲಿನಿಂದ ಕೆಳಗೆ ಒಂದೇ ಸಮ ತಿಳಿಯಾಗಿದ್ದರೆ ಕೋನ ಹೊಂದಿತು.

## ಹಂತ 4: ಕೂರಿಸುವುದು, ಬೆಳಕು ಇಡುವುದು

ಪ್ಯಾನೆಲ್ಲನ್ನು ಕೈಯಲ್ಲಿ ಹಿಡಿದು ಕೆತ್ತಲಾಗದು. ದಪ್ಪ ಪ್ಲೈವುಡ್ ತುಂಡಿನ ಮೇಲೆ ಪ್ಯಾನೆಲ್ ಇಟ್ಟು, ಅದರ ಸ್ಕ್ರೂ ತೂತುಗಳ ಗುರುತು ಹಾಕಿ, ಅಲ್ಲೇ ವಾಷರ್ ಇಟ್ಟು ಸ್ಕ್ರೂ ಬಿಗಿಯಿರಿ. ಒಳಮೈ ಟೊಳ್ಳಾಗಿದ್ದರೆ ಕೆಳಗೆ ತೊಗಲಿನ ತುಂಡು ತುಂಬಿ. ಟೊಳ್ಳಿನ ಮೇಲೆ ಒತ್ತಿದರೆ ತೆಳು ಪ್ಯಾನೆಲ್ ಸೀಳುತ್ತದೆ. ಪ್ಲೈವುಡ್ಡನ್ನು ವೈಸ್‌ಗೆ ಕಚ್ಚಿಸಿ, ಮೊಣಕೈ ಮಟ್ಟಕ್ಕೆ ಬರಲಿ. ದಿಕ್ಕು ಬದಲಿಸುವಾಗ ಪ್ಲೈವುಡ್ ತಿರುಗಿಸಿ, ಮೈ ತಿರುಚಿಕೊಂಡು ಕೆತ್ತಬೇಡಿ.

ದೀಪ ಮೇಲಿನಿಂದ ಬಿದ್ದರೆ ಎಲ್ಲ ಗೀರೂ ಒಂದೇ ಥರ ಕಾಣುತ್ತವೆ. ತಗ್ಗಿನಲ್ಲಿ, ಪಕ್ಕದಿಂದ, ಗೀರಿಗೆ ಅಡ್ಡಲಾಗಿ ಬೀಳಲಿ. ಆಗ ಪ್ರತಿ ಗೀರಿನಲ್ಲೂ ನೆರಳು ನಿಂತು, ಆಳ ಕಡಿಮೆಯಿರುವಲ್ಲಿ ನೆರಳು ತೆಳುವಾಗುವುದು ಕಣ್ಣಿಗೆ ಸಿಗುತ್ತದೆ.

ಬಿಳಿ ಪೆನ್ಸಿಲ್ಲನ್ನು ಓರೆಯಾಗಿ ಹಿಡಿದು ಮೊನೆಗಳ ತಲೆಯ ಮೇಲೆ ಸವರಿ. ಚಪ್ಪಟೆಯಾದ ಕಡೆ ಬಿಳಿ ಚೌಕಗಳು ಕಾಣುತ್ತವೆ. ಕೆತ್ತುತ್ತಾ ಹೋದಂತೆ ಆ ಚೌಕ ಎಳ್ಳಿನ ಕಾಳಾಗಿ, ಆಮೇಲೆ ಸೂಜಿ ಚುಚ್ಚಿದ ಚುಕ್ಕೆಯಾಗುತ್ತದೆ. ಎಲ್ಲಿ ಎಷ್ಟು ಉಳಿದಿದೆ ಎಂದು ತಿಳಿಯಲು ಇದಕ್ಕಿಂತ ನೆಚ್ಚಿನ ಗುರುತಿಲ್ಲ.

## ಹಂತ 5: ಅಂಚು ಕಟ್ಟುವುದು, ತಾಯಿಗೆರೆ ಆರಿಸುವುದು

ಚಾಕುವಿನ ತುದಿಯಿಂದ ಅಂಚುಗೆರೆಯ ಒಳಬದಿಯ ಉದ್ದಕ್ಕೂ ತೆಳುವಾಗಿ ಕಚ್ಚು ಹಾಕಿ. ಇಷ್ಟು ಮಾಡಿದರೆ ಗೀರಿನ ತುದಿಯಲ್ಲಿ ನಾರು ಸೀಳಿ ಹೊರಗೆ ಓಡುವುದಿಲ್ಲ. ಅಂಚುಗೆರೆಯನ್ನು ಈಗಲೇ ಆಳ ಮಾಡಬೇಡಿ.

ಇನ್ನು ಪ್ರತಿ ದಿಕ್ಕಿನಲ್ಲೂ ಒಂದು ತಾಯಿಗೆರೆ ಬೇಕು: ನಡುಭಾಗದಲ್ಲಿ ಹಾಯುವ, ಉದ್ದವಾದ, ಎಲ್ಲೂ ಕಡಿಯದ ಗೀರು. ಅದನ್ನು ಉದ್ದ ಅಲಗಿನ ಕಟ್ಟರ್‌ನಿಂದ ನಾಲ್ಕೈದು ಸಲ ಹಗುರವಾಗಿ ಎಳೆದು ನೆಟ್ಟಗೆ ಮಾಡಿಕೊಳ್ಳಿ. ಎರಡು ದಿಕ್ಕಿನ ತಾಯಿಗೆರೆ ಸರಿಯಾದ ಮೇಲೆ ಅಲ್ಲಿಂದ ಎರಡೂ ಬದಿಗೆ ಹೊರಮುಖವಾಗಿ ಹೋಗುವುದು. ಅಂಚಿನಿಂದ ಶುರುಮಾಡಿದರೆ ಅಲ್ಲಿನ ಗಿಡ್ಡ, ಸವೆದ ಗೀರಿನ ಸೊಟ್ಟವನ್ನೇ ಮುಂದಿನ ಸಾಲುಗಳೂ ಹಿಡಿಯುತ್ತವೆ.

## ಹಂತ 6: ಮೂರು ಸುತ್ತಿನಲ್ಲಿ ಕೆತ್ತುವುದು

ಇಡೀ ಕೆಲಸದ ಜೀವ ಇಲ್ಲಿದೆ. ಬೇಕಾದ ಆಳವನ್ನು ಮೂರು ಪಾಲು ಮಾಡಿಕೊಳ್ಳಿ.

ಮೊದಲ ಸುತ್ತು. 60 ಡಿಗ್ರಿ ಕಟ್ಟರ್. ಕಿರಿದಾದ್ದರಿಂದ ಹಳೆಯ ಗೀರಿನ ತಳದಲ್ಲೇ ಕೂರುತ್ತದೆ. ಒಂದು ದಿಕ್ಕಿನ ಎಲ್ಲ ಗೀರುಗಳನ್ನು ಎರಡೆರಡು ಎಳೆತದಲ್ಲಿ ಮುಗಿಸಿ, ಪ್ಲೈವುಡ್ ತಿರುಗಿಸಿ, ಇನ್ನೊಂದು ದಿಕ್ಕನ್ನೂ ಅಷ್ಟೇ ಮಾಡಿ. ಈ ಸುತ್ತಿನಲ್ಲಿ ಆಳದ ಆಸೆ ಬೇಡ, ದಾರಿ ಸ್ಪಷ್ಟವಾದರೆ ಸಾಕು.

ಎರಡನೇ ಸುತ್ತು. 90 ಡಿಗ್ರಿಗೆ ಬದಲಿಸಿ. ಮತ್ತೆ ಮೊದಲ ದಿಕ್ಕು ಪೂರ್ತಿ, ಆಮೇಲೆ ಎರಡನೆಯದು ಪೂರ್ತಿ. ಪೆನ್ಸಿಲ್ಲಿನ ಬಿಳಿ ಚೌಕಗಳು ಅರ್ಧಕ್ಕಿಳಿಯುತ್ತವೆ.

ಮೂರನೇ ಸುತ್ತು. ಮತ್ತೆ 90 ಡಿಗ್ರಿ. ಈಗ ಆಳ ಕಡಿಮೆಯಿರುವ ಕಡೆ ಮಾತ್ರ ಒಂದೆರಡು ಎಳೆತ ಹೆಚ್ಚಿಗೆ. ಬಿಳಿ ಚುಕ್ಕೆ ಸೂಜಿಮೊನೆಯಷ್ಟು ಉಳಿದಾಗ ನಿಲ್ಲಿಸಿ. ಪೂರ್ತಿ ಮಾಯವಾಗುವವರೆಗೆ ಹೋಗಬೇಡಿ. ಕೊನೆಯ ಚೂಪೇ ಮೊದಲು ಮುರಿಯುವುದು, ಬಟ್ಟೆಗೆ ಸಿಕ್ಕಿಕೊಳ್ಳುವುದೂ ಅದೇ.

ಒಂದು ದಿಕ್ಕನ್ನು ಮೊದಲೇ ಪೂರ್ತಿ ಆಳಕ್ಕೆ ಇಳಿಸಿದರೆ ಏನಾಗುತ್ತದೆಂದರೆ, ಗೀರುಗಳ ನಡುವೆ ಆಸರೆಯಿಲ್ಲದ ತೆಳು ಗೋಡೆಗಳು ಉಳಿಯುತ್ತವೆ. ಅಡ್ಡ ಬರುವ ಕಟ್ಟರ್ ಅವನ್ನು ಕತ್ತರಿಸುವ ಬದಲು ತಳ್ಳಿ ಮುರಿಯುತ್ತದೆ. ಎರಡೂ ದಿಕ್ಕು ಒಟ್ಟಿಗೆ ಇಳಿದರೆ ಪ್ರತಿ ಮೊನೆಗೂ ಬುಡ ಅಗಲವಾಗೇ ಇರುತ್ತದೆ.

ಕೈಯ ರೀತಿ ಹೀಗಿರಲಿ. ಒತ್ತಡ ಕಟ್ಟರ್‌ನ ತೂಕಕ್ಕಿಂತ ಸ್ವಲ್ಪವೇ ಹೆಚ್ಚು. ಎಳೆತ ಎರಡು ಮೂರು ಸೆಂಟಿಮೀಟರ್ ಉದ್ದ, ಹಿಂದಿನ ಎಳೆತದ ಅರ್ಧ ಭಾಗದ ಮೇಲೆ ಹಾಯ್ದು ಮುಂದೆ ಹೋಗಬೇಕು. ಹಿಡಿಯ ಮೈ ದುಂಡಗಿರುವುದರಿಂದ ಕಟ್ಟರ್ ಪ್ರತಿ ಜಾಗದಲ್ಲೂ ಅಲ್ಲಿನ ಮೇಲ್ಮೈಗೆ ನೆಟ್ಟಗೆ ನಿಲ್ಲಬೇಕು. ಬಾಗು ಬಂದಲ್ಲಿ ಮಣಿಕಟ್ಟೂ ಬಾಗಲಿ, ಇಲ್ಲದಿದ್ದರೆ ಮೊನೆಗಳೆಲ್ಲ ಒಂದು ಕಡೆಗೆ ವಾಲುತ್ತವೆ. ಎರಡು ಮೂರು ಗೀರಿಗೊಮ್ಮೆ ಬ್ರಷ್‌ನಿಂದ ಹುಡಿ ತೆಗೆಯಿರಿ, ಕಟ್ಟರ್‌ನ ಹಲ್ಲಿನಲ್ಲಿ ಕೂತ ಹುಡಿಯನ್ನೂ ತೆಗೆಯಿರಿ. ಹುಡಿ ತುಂಬಿದ ಹಲ್ಲು ಕತ್ತರಿಸದೆ ತೇಲುತ್ತದೆ, ತೇಲಿದ ಕಟ್ಟರ್ ಪಕ್ಕದ ಗೀರಿಗೆ ಹಾರುತ್ತದೆ.

ಅಂಚಿಗೆ 5 ಮಿ.ಮೀ. ಇರುವಾಗಲೇ ನಿಲ್ಲಿಸಿ. ಆ ಕೊನೆಯ ತುಂಡನ್ನು ಗಿಡ್ಡ ಕಟ್ಟರ್ ಅಥವಾ ಬಾಗಿದ ಅರದಿಂದ, ಅಂಚಿನಿಂದ ಒಳಮುಖವಾಗಿ ಎಳೆದು ಸೇರಿಸಿ. ಹೊರಮುಖವಾಗಿ ತಳ್ಳಿದರೆ ಒಂದಲ್ಲ ಒಂದು ಸಲ ಗೆರೆ ದಾಟುತ್ತದೆ.

ಕಣ್ಣು ಸೋತಾಗ ಗೀರು ಎರಡಾಗಿ ಕಾಣತೊಡಗುತ್ತದೆ. ಅರ್ಧ ಗಂಟೆಗೊಮ್ಮೆ ಎದ್ದುಬಿಡಿ.

## ಹಂತ 7: ಪೂರ್ತಿ ಅಳಿಸಿಹೋದ ಜಾಗ, ಮುರಿದ ಮೊನೆ

ಅಂಗೈ ಉಬ್ಬು ತಾಗುವ ಕಡೆ ಕೆಲವೊಮ್ಮೆ ಗೀರೇ ಇರುವುದಿಲ್ಲ. ಸುತ್ತಲಿನ ಗೀರುಗಳ ಮೊದಲ ಸುತ್ತು ಮುಗಿದ ಮೇಲೆಯೇ ಇದಕ್ಕೆ ಬನ್ನಿ. ಬಯಲಾದ ಜಾಗದ ಎರಡೂ ಬದಿಯಲ್ಲಿ ಗೀರುಗಳನ್ನು ಎಣಿಸಿ. ಎಣಿಕೆ ಒಂದೇ ಆಗಬೇಕು. ಪ್ಲಾಸ್ಟಿಕ್ ಪಟ್ಟಿಯನ್ನು ಮೈಗೆ ಒತ್ತಿ ಬಾಗಿಸಿ, ಈಚೆಯ ಗೀರಿನಿಂದ ಆಚೆಯ ಅದೇ ಗೀರಿಗೆ ಚಾಕುವಿನಿಂದ ಕೂದಲೆಳೆಯಂಥ ಗೆರೆ ಎಳೆಯಿರಿ. ಎಲ್ಲ ಗೆರೆ ಎಳೆದು, ದೂರದಿಂದ ನೋಡಿ ಒಪ್ಪಿದ ಮೇಲೆ 60 ಡಿಗ್ರಿ ಕಟ್ಟರ್ ಇಳಿಸಿ. ಎಣಿಕೆ ಒಂದರಷ್ಟು ತಪ್ಪಿದರೆ ನೀವು ಎಲ್ಲೋ ಪಕ್ಕದ ಗೀರಿಗೆ ಸೇರಿಸಿದ್ದೀರಿ. ಹೊಂದಿಸಿಕೊಂಡು ಮುಂದೆ ಹೋಗಬೇಡಿ, ಮೊದಲಿನಿಂದ ಎಣಿಸಿ.

ಒಂದೆರಡು ಮೊನೆ ಮುರಿದಿದ್ದರೆ ಹಾಗೇ ಬಿಡುವುದು ಒಳ್ಳೆಯದು, ಎಣ್ಣೆ ಹಚ್ಚಿದ ಮೇಲೆ ಕಣ್ಣಿಗೆ ಬೀಳುವುದಿಲ್ಲ. ನಾಲ್ಕೈದು ಒಟ್ಟಿಗೆ ಹೋಗಿದ್ದರೆ ಅದೇ ಮರದ ನಯವಾದ ಹುಡಿಯನ್ನು ಎಪಾಕ್ಸಿ ಅಂಟಿನಲ್ಲಿ ಕಲಸಿ ತುಂಬಿ, ಪೂರ್ತಿ ಗಟ್ಟಿಯಾದ ಮೇಲೆ ಕೆತ್ತಿ. ಅಂಟು ಹೆಚ್ಚಾದರೆ ಆ ಜಾಗ ಮರಕ್ಕಿಂತ ಗಟ್ಟಿಯಾಗಿ ಕಟ್ಟರ್ ಪಕ್ಕಕ್ಕೆ ಸರಿಯುತ್ತದೆ. ಎಣ್ಣೆಯನ್ನೂ ಹೀರದೆ ಮಚ್ಚೆಯಾಗಿ ಉಳಿಯುತ್ತದೆ.

ಇವೆಲ್ಲ ಮುಗಿದ ಮೇಲೆ ಅಂಚುಗೆರೆಯನ್ನು ಸುತ್ತಲಿನ ಗೀರಿನ ಆಳಕ್ಕೆ ತನ್ನಿ. ತುದಿಗಳಲ್ಲಿ ಆದ ಸಣ್ಣ ಏರುಪೇರು ಇದರಲ್ಲಿ ಅಳಿಯುತ್ತವೆ.

## ಹಂತ 8: ಎಣ್ಣೆ ಮತ್ತು ಜೋಡಣೆ

ಹೊಸದಾಗಿ ಕತ್ತರಿಸಿದ ಮರ ತಿಳಿಯಾಗಿರುತ್ತದೆ. ಬಣ್ಣ ಹಚ್ಚಲು ಅವಸರ ಬೇಡ, ಎಣ್ಣೆಯೇ ಅದನ್ನು ಸಾಕಷ್ಟು ಗಾಢ ಮಾಡುತ್ತದೆ. ವಾರ್ನಿಷ್‌ನಂಥ ದಪ್ಪ ಲೇಪ ಹಾಕಿದರೆ ಇಷ್ಟು ಹೊತ್ತು ತೆರೆದ ಗೀರನ್ನು ನೀವೇ ಮುಚ್ಚಿದಂತಾಗುತ್ತದೆ.

ಮರದ ಲೇಪಕ್ಕೆಂದು ಮಾರುವ ಬೇಯಿಸಿದ ಅಗಸೆ ಎಣ್ಣೆಯನ್ನು ಅಷ್ಟೇ ಅಳತೆಯ ಟರ್ಪೆಂಟೈನ್‌ಗೆ ಬೆರೆಸಿ ಬ್ರಷ್‌ನಿಂದ ಗೀರುಗಳಿಗೆ ಹಚ್ಚಿ. ಹತ್ತು ಹದಿನೈದು ನಿಮಿಷದ ನಂತರ ಒಣ ಬ್ರಷ್‌ನಿಂದ ಎರಡೂ ದಿಕ್ಕಿಗೆ ಎಳೆದು ಮಿಕ್ಕ ಎಣ್ಣೆ ಪೂರ್ತಿ ತೆಗೆಯಿರಿ. ಒಂದು ದಿನ ಬಿಟ್ಟು ಇನ್ನೊಂದು ಸಲ. ಎರಡು ಸಾಕು.

ಎಚ್ಚರಿಕೆ: ಅಗಸೆ ಎಣ್ಣೆಯ ಬಟ್ಟೆ ಮುದ್ದೆಯಾಗಿ ಬಿದ್ದಿದ್ದರೆ ಒಣಗುವಾಗ ತಾನಾಗೇ ಕಾವು ಏರಿ ಹೊತ್ತಿಕೊಳ್ಳಬಹುದು. ಹೊರಗೆ ಬಿಡಿಸಿ ಹರಡಿ ಒಣಗಿಸಿ, ಅಥವಾ ನೀರಿನಲ್ಲಿ ಮುಳುಗಿಸಿ ಮುಚ್ಚಳವಿರುವ ಲೋಹದ ಡಬ್ಬಿಯಲ್ಲಿಡಿ.

ಪ್ಯಾನೆಲ್ ಮರಳಿ ಹಾಕುವಾಗ ಸ್ಕ್ರೂವನ್ನು ಕೂರುವಷ್ಟೇ ಬಿಗಿಯಿರಿ. ಅತಿ ಬಿಗಿತಕ್ಕೆ ತೂತಿನಿಂದ ಬಿರುಕು ಹೊರಡುತ್ತದೆ. ಆಯುಧ ಖಾಲಿಯಿರುವಾಗಲೇ ಸೇಫ್ಟಿ, ಮ್ಯಾಗಜಿನ್ ಗುಂಡಿ, ಟ್ರಿಗರ್ ಎಲ್ಲವೂ ಮರಕ್ಕೆ ತಾಗದೆ ಆಡುತ್ತವೆಯೇ ನೋಡಿ.

## ನಿಲ್ಲಿಸಿ ನೋಡಬೇಕಾದ ಲಕ್ಷಣಗಳು

ಗೀರಿನಲ್ಲಿ ಜುಂಗು. ಮರ ಮೆತ್ತಗಿದೆ ಅಥವಾ ನಾರಿನ ಎದುರು ಎಳೆಯುತ್ತಿದ್ದೀರಿ. ಮೊದಲು ಎಳೆಯುವ ದಿಕ್ಕು ತಿರುಗಿಸಿ. ಆಗಲೂ ಎದ್ದರೆ ತೆಳು ಮಾಡಿದ ಶೆಲಾಕ್ (ಅರಗಿನ ಮೆರುಗು) ಒಂದು ಸಲ ಹಚ್ಚಿ, ಒಂದು ದಿನ ಒಣಗಿಸಿ ಕೆತ್ತಿ. ನಾರು ಗಟ್ಟಿಯಾಗಿ ಚೊಕ್ಕವಾಗಿ ಕತ್ತರಿಸುತ್ತದೆ.

ಗೀರು ಹೊಳೆಯುವುದು, ಹುಡಿ ಬರದಿರುವುದು. ಕಟ್ಟರ್ ಮೊಂಡಾಗಿದೆ. ಜೋರಾಗಿ ಒತ್ತಬೇಡಿ, ಅಲಗು ಬದಲಿಸಿ.

ಒಂದು ಗೀರಿನ ಪಕ್ಕ ಇನ್ನೊಂದು ತೆಳು ಗೀರು. ಕಟ್ಟರ್ ದಾರಿ ತಪ್ಪಿದೆ. ಇದು ಆಳವಾಗುವ ಮುನ್ನ ಉದ್ದ ಅಲಗಿನ ಕಟ್ಟರ್ ಅನ್ನು ಸರಿಯಾದ ಗೀರಿನ ಎರಡೂ ಕಡೆಯ ಚೆನ್ನಾಗಿರುವ ಭಾಗಕ್ಕೆ ಕೂರಿಸಿ ಹಾಯಿಸಿ. ಅಂತರ ಕಡಿಮೆಯಿದ್ದರೆ 90 ಡಿಗ್ರಿ ಸುತ್ತಿನಲ್ಲಿ ತಪ್ಪು ಗೀರು ನುಂಗಿಹೋಗುತ್ತದೆ.

ಪ್ರತಿ ಅಡ್ಡ ಗೀರಿನ ಬಳಿ ಕಟ್ಟರ್ ಟಕ್ ಟಕ್ ಎನ್ನುವುದು. ಒತ್ತಡ ಹೆಚ್ಚಾಗಿದೆ, ಇಲ್ಲವೇ ಒಂದು ದಿಕ್ಕು ಇನ್ನೊಂದಕ್ಕಿಂತ ಆಳವಾಗಿಬಿಟ್ಟಿದೆ. ಹಿಂದುಳಿದ ದಿಕ್ಕನ್ನು ಹಗುರ ಕೈಯಲ್ಲಿ ಸಮಕ್ಕೆ ತನ್ನಿ.

## ಚೆಕ್ಕರಿಂಗ್ ಲೋಹದ ಫ್ರೇಮಿನ ಮೇಲೆಯೇ ಇದ್ದರೆ

ಹಿಡಿಯ ಮುಂಬದಿಯ ಲೋಹದ ಪಟ್ಟಿಯಲ್ಲಿ ಗೀರು ಇರುವ ಪಿಸ್ತೂಲುಗಳಲ್ಲಿ ಶುಚಿಮಾಡುವ ಹಂತದವರೆಗೆ ಮನೆಯಲ್ಲಿ ಮಾಡಬಹುದು. ಇಲ್ಲಿ ನೈಲಾನ್ ಬ್ರಷ್ ಸಾಲದಿದ್ದರೆ ಹಿತ್ತಾಳೆಯ ಬ್ರಷ್ ಆಗುತ್ತದೆ. ಮುಂದಿನ ಕೆಲಸಕ್ಕೆ ಸಾಲು ಹಲ್ಲಿನ ಚೆಕ್ಕರಿಂಗ್ ಅರ ಮತ್ತು ಸಣ್ಣ ಮುಮ್ಮೂಲೆ ಅರ ಬೇಕು, ಮರದ ಕಟ್ಟರ್ ಉಪಯೋಗಕ್ಕೆ ಬಾರದು. ತೊಡಕು ಲೋಹದ ದಪ್ಪದ್ದು. ಇಂಚಿಗೆ 20 ಗೀರಿನ 90 ಡಿಗ್ರಿ ಕೆಲಸ 0.63 ಮಿ.ಮೀ. ಲೋಹ ತಿನ್ನುತ್ತದೆ. ಸವೆದದ್ದರ ಮೇಲೆ ಮತ್ತೆ ಅಷ್ಟೇ ಆಳ ಎಬ್ಬಿಸಬೇಕೆಂದರೆ ಗೀರಿನ ತಳ ಸವೆದಷ್ಟು ಇನ್ನೂ ಕೆಳಗಿಳಿಯಬೇಕು, ಆ ಪಟ್ಟಿಯೋ ಮೊದಲೇ ತೆಳು. ತಳದಲ್ಲಿ ಎಷ್ಟು ಲೋಹ ಉಳಿದಿದೆ ಎಂದು ಅಳೆಯದೆ ಅರ ಹಚ್ಚಬಾರದು. ಜೊತೆಗೆ ಲೋಹ ಕಾಯುವ ಪದರ, ಅಂದರೆ ಉಕ್ಕಿನ ಮೇಲಿನ ನೀಲಿಗಪ್ಪು ಬ್ಲೂಯಿಂಗ್, ಅಲ್ಯೂಮಿನಿಯಂ ಮೇಲಿನ ಆನೋಡೈಸ್ ಪದರ ಹೋಗುತ್ತದೆ, ಅದನ್ನು ಮತ್ತೆ ಹಾಕಿಸಲೇಬೇಕು. ಅನೇಕ ದೇಶಗಳ ಕಾನೂನು ಫ್ರೇಮನ್ನು ಆಯುಧದ ಮುಖ್ಯ ಭಾಗವೆಂದೇ ಎಣಿಸುತ್ತದೆ. ಹಾಗಾಗಿ ಇದನ್ನು ಪರವಾನಗಿಯುಳ್ಳ ಬಂದೂಕು ಕಸುಬುದಾರರಿಗೆ ಒಪ್ಪಿಸಿ. ಒಪ್ಪಿಸುವಾಗ ಗೀರಿನ ಎಣಿಕೆ, ಹಳೆಯ ಗೀರಿನ ಕೋನ, ಮೊನೆಯ ತಲೆ ಎಷ್ಟು ಚಪ್ಪಟೆ ಉಳಿದರೆ ಸಾಕು ಎಂಬ ಮೂರನ್ನೂ ಬರೆದು ಕೊಡಿ.